ಹಾಲಿನ ಹಣ, ಕೈಯಲ್ಲಿನ ಫೋನು: ಡೇರಿ ಕಟ್ಟೆಯ ಮೇಲಿನ ಆರು ಮಾತುಗಳು



ಬೆಳಿಗ್ಗೆ, ಸಂಜೆ ಹಾಲು ಹಾಕಲು ಬಂದವರು ಡೇರಿ ಕಟ್ಟೆಯ ಮೇಲೆ ಹತ್ತು ನಿಮಿಷ ಕುಳಿತು ಮಾತನಾಡುವುದು ಎಲ್ಲ ಊರುಗಳಲ್ಲೂ ಇರುವ ರೂಢಿ. ಹಿಂದೆ ಈ ಮಾತು ಮಳೆ, ಮೇವು, ಹಿಂಡಿಯ ಬೆಲೆ, ಯಾರ ಮನೆಯ ಹಸು ಗಬ್ಬ ಕಟ್ಟಿತು ಎಂಬುದರ ಸುತ್ತ ತಿರುಗುತ್ತಿತ್ತು. ಈಗ ಅದರ ಜೊತೆಗೆ ಫೋನಿನ ಮಾತೂ ಸೇರಿಕೊಂಡಿದೆ. ಹಾಲಿನ ಬಟವಾಡೆಯ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ. ಆ ಖಾತೆಯ ಬೀಗದ ಕೈ ಮಾತ್ರ ಅನೇಕ ಮನೆಗಳಲ್ಲಿ ಒಂದು ಫೋನಿನೊಳಗೆ ಇದೆ. ಆದ್ದರಿಂದ ಫೋನಿನ ವಿಷಯದಲ್ಲಿ ನಾವು ಆಡುವ ಮಾತು ಸರಿಯೋ ತಪ್ಪೋ ಎಂದು ನೋಡಿಕೊಳ್ಳುವುದು ಹಸುವಿನ ಕೆಚ್ಚಲು ನೋಡಿಕೊಂಡಷ್ಟೇ ಅಗತ್ಯವಾಗಿದೆ.

ಮೊದಲು ಒಂದು ಸಂಗತಿ. ಊರಿನ ಹೆಸರು, ಮನೆಯ ಹೆಸರು ಇಲ್ಲಿ ಬೇಡ. ಸಂಘವೊಂದರ ಸದಸ್ಯೆ ಎರಡು ಹಸು ಕಟ್ಟಿಕೊಂಡು ಮನೆ ನಡೆಸುವವರು. ಒಂದು ಕಡಸನ್ನು ಮಾರಬೇಕೆಂದು ಮಗನಿಗೆ ಹೇಳಿದರು. ಮಗ ಅದರ ಫೋಟೋ ತೆಗೆದು ಫೋನಿನಲ್ಲಿ ಹಾಕಿದ. ಮಾರನೆಯ ದಿನವೇ ಒಬ್ಬ ಕರೆ ಮಾಡಿದ. ತಾನು ಸೈನ್ಯದಲ್ಲಿದ್ದೇನೆ, ಊರಿನಲ್ಲಿರುವ ತಂದೆಗೆ ಕಡಸು ಬೇಕು ಎಂದ. ಬೆಲೆಯಲ್ಲಿ ಚೌಕಾಸಿಯನ್ನೇ ಮಾಡಲಿಲ್ಲ. ಮುಂಗಡ ಕಳಿಸುತ್ತೇನೆ ಎಂದು ಕ್ಯುಆರ್ ಚೌಕದ ಚಿತ್ರವೊಂದನ್ನು ಕಳಿಸಿ, “ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬಂದುಬಿಡುತ್ತದೆ” ಎಂದ. ಹುಡುಗ ಒತ್ತಿದ. ಹಣ ಬರಲಿಲ್ಲ, ಹೋಯಿತು. “ಏನೋ ತಪ್ಪಾಗಿದೆ, ಇನ್ನೊಮ್ಮೆ ಒತ್ತಿ, ಎರಡೂ ಸೇರಿ ವಾಪಸು ಬರುತ್ತದೆ” ಎಂದ. ಮತ್ತೊಮ್ಮೆ ಒತ್ತಿದ, ಮತ್ತೊಮ್ಮೆ ಹೋಯಿತು. ಎರಡು ಬಟವಾಡೆಯ ಹಾಲಿನ ಹಣ ಹತ್ತು ನಿಮಿಷದಲ್ಲಿ ಖಾಲಿ. ಹುಡುಗ ಹೆದರಿ ತಾಯಿಗೆ ಹೇಳಲಿಲ್ಲ. ಒಂಬತ್ತು ದಿನದ ಮೇಲೆ ಆಕೆ ಬೂಸಾ, ಹಿಂಡಿ ತರಲು ಹೊರಟಾಗ ಖಾತೆಯಲ್ಲಿ ಹಣವಿಲ್ಲ. ಸಂಘಕ್ಕೆ ಬಂದು ಕೇಳಿದರೆ ಕಾರ್ಯದರ್ಶಿ ಪುಸ್ತಕ ತೆಗೆದು ತೋರಿಸಿದರು: “ಅಕ್ಕಾ, ನಿಮ್ಮ ಹಣ ಎರಡು ಸಲವೂ ಖಾತೆಗೆ ಹೋಗಿದೆ.” ಆಗ ವಿಷಯ ಹೊರಬಿತ್ತು.

ಈ ಒಂದು ಸಂಗತಿಯಲ್ಲಿ ಡೇರಿ ಕಟ್ಟೆಯ ಎಷ್ಟೋ ತಪ್ಪು ತಿಳಿವಳಿಕೆಗಳು ಸೇರಿಕೊಂಡಿವೆ. ಅವನ್ನು ಒಂದೊಂದಾಗಿ ನೋಡೋಣ.

1. “ನಗದು ಕೈಗೆ ಬರುತ್ತಿದ್ದ ಕಾಲವೇ ವಾಸಿ”

ಈ ಮಾತಿನಲ್ಲಿ ಅರ್ಧ ನಿಜವಿದೆ. ಸಂಘದಲ್ಲಿ ನಗದು ಎಣಿಸಿಕೊಂಡು ಬಂದ ಹೆಣ್ಣುಮಗಳ ಕೈಯಲ್ಲಿ ಆ ಹಣ ಕಣ್ಣಿಗೆ ಕಾಣುತ್ತಿತ್ತು. ಎಷ್ಟು ಬಂತು, ಎಷ್ಟು ಹೋಯಿತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹತ್ತು ರೂಪಾಯಿ ತೆಗೆಯಲು ಬ್ಯಾಂಕಿಗೆ ಬಸ್ಸು ಹತ್ತಬೇಕಾಗಿರಲಿಲ್ಲ.

ಆದರೆ ನಗದಿಗೆ ಲೆಕ್ಕದ ಗುರುತು ಇರಲಿಲ್ಲ. ಖಾತೆಗೆ ಬಂದ ಹಣಕ್ಕೆ ತಾರೀಖು, ಮೊತ್ತ, ಕಳಿಸಿದವರ ಹೆಸರು ಎಲ್ಲವೂ ದಾಖಲೆಯಾಗಿ ಉಳಿಯುತ್ತದೆ. ಹಾಲಿನ ಚೀಟಿಯ ಮೊತ್ತಕ್ಕೂ ಖಾತೆಗೆ ಬಂದ ಮೊತ್ತಕ್ಕೂ ತಾಳೆ ನೋಡಬಹುದು. ಪಶು ಆಹಾರದ ಬಾಕಿ ಎಷ್ಟು ಮುರಿದುಕೊಂಡಿದ್ದಾರೆ ಎಂದು ಕೇಳಬಹುದು. ಇನ್ನೊಂದು ಲಾಭವೂ ಉಂಟು. ಬೆಳೆಗೆ ಮಾತ್ರ ಸಿಗುತ್ತಿದ್ದ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2019ರಲ್ಲಿ ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಮೂಲಕ ಪಶುಸಂಗೋಪನೆಗೂ ವಿಸ್ತರಿಸಲಾಯಿತು. ಸಾಲ ಕೇಳಲು ಹೋದಾಗ ತಪ್ಪದೆ ಬಂದಿರುವ ಹಾಲಿನ ಹಣದ ದಾಖಲೆ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಆದ್ದರಿಂದ ಖಾತೆಯ ಪದ್ಧತಿ ಕೆಟ್ಟದ್ದಲ್ಲ. ಅದನ್ನು ನೋಡಿಕೊಳ್ಳುವುದನ್ನು ಕಲಿಯದೆ ಇರುವುದು ಕೆಟ್ಟದ್ದು.

2. “ಫೋನ್ ಕಳೆದರೆ ಅದರಲ್ಲಿರುವ ಹಣವೂ ಹೋಯಿತು”

ಇದು ತಪ್ಪು. ಹಣ ಫೋನಿನಲ್ಲಿ ಇರುವುದಿಲ್ಲ, ಬ್ಯಾಂಕಿನಲ್ಲಿ ಇರುತ್ತದೆ. ಫೋನ್ ಎಂಬುದು ಬ್ಯಾಂಕಿಗೆ “ಇಂಥವರಿಗೆ ಇಷ್ಟು ಕೊಡಿ” ಎಂದು ಚೀಟಿ ಕಳಿಸುವ ಸಾಧನ ಮಾತ್ರ.

ಈ ಚೀಟಿ ಕಳಿಸುವ ವ್ಯವಸ್ಥೆಯೇ ಯುಪಿಐ. ರಾಷ್ಟ್ರೀಯ ಪಾವತಿ ನಿಗಮ ಇದನ್ನು 2016ರಲ್ಲಿ ಆರಂಭಿಸಿತು. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಇವೆಲ್ಲ ಬೇರೆ ಬೇರೆ ಅಂಗಡಿಯ ಬಾಗಿಲುಗಳಿದ್ದಂತೆ. ಒಳಗಿರುವ ದಾರಿ ಒಂದೇ. ಈ ದಾರಿಯಲ್ಲಿ ಹಣ ಹೋಗಬೇಕಾದರೆ ಸಾಮಾನ್ಯವಾಗಿ ಎರಡು ವಸ್ತು ಬೇಕು. ಒಂದು, ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನ ಸಿಮ್ ಹಾಕಿ, ಖಾತೆಗೆ ಜೋಡಿಸಿಕೊಂಡ ಫೋನು. ಎರಡು, ನಿಮಗೆ ಮಾತ್ರ ಗೊತ್ತಿರುವ 4 ಅಥವಾ 6 ಅಂಕಿಯ ಪಿನ್. ಕೆಲವು ಫೋನುಗಳಲ್ಲಿ ಈಗ ಪಿನ್ ಬದಲು ಬೆರಳು ಅಥವಾ ಮುಖ ತೋರಿಸುವ ಅವಕಾಶವೂ ಬಂದಿದೆ. ಪಿನ್ ಇಲ್ಲದೆ ಸಣ್ಣ ಮೊತ್ತ ಕೊಡುವ ಯುಪಿಐ ಲೈಟ್ ಎಂಬುದೂ ಇದೆ. ಅದರಲ್ಲಿ ನೀವೇ ಬೇರೆ ತೆಗೆದಿಟ್ಟ ಸ್ವಲ್ಪ ಹಣವಷ್ಟೇ ಇರುತ್ತದೆ.

ಆದ್ದರಿಂದ ಫೋನ್ ಕಳೆದ ಕ್ಷಣಕ್ಕೆ ಖಾತೆಯ ಹಣ ಹೋಗುವುದಿಲ್ಲ. ಆದರೆ ಪಿನ್ ಅನ್ನು ಫೋನಿನ ಕವಚದ ಹಿಂದೆ ಬರೆದಿಟ್ಟಿದ್ದರೆ ಹೋಗುತ್ತದೆ. ಹುಟ್ಟಿದ ವರ್ಷ, 1234, ಗಾಡಿಯ ನಂಬರ್ ಇಂಥವನ್ನೇ ಪಿನ್ ಮಾಡಿಕೊಂಡಿದ್ದರೂ ಅಪಾಯ. ಫೋನ್ ಕಳೆದರೆ ಕೂಡಲೇ ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಬೇಕು, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಬೇಕು, ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಎಂಬ ಸೇವೆಯ ಮೂಲಕ ಕಳೆದ ಫೋನನ್ನೇ ಯಾವ ಸಿಮ್ ಹಾಕಿದರೂ ನಡೆಯದಂತೆ ತಡೆಯಬಹುದು. ನಿಮ್ಮ ಹೆಸರಿನಲ್ಲಿ ಒಟ್ಟು ಎಷ್ಟು ಸಿಮ್ ಇವೆ ಎಂಬುದನ್ನೂ ಅಲ್ಲಿಯೇ ನೋಡಬಹುದು.

3. “ಪಿನ್ ಒತ್ತಿದರೆ ಹಣ ಬರುತ್ತದೆ”

ಮೇಲೆ ಹೇಳಿದ ಹುಡುಗ ಮೋಸಹೋದದ್ದು ಈ ಒಂದು ತಪ್ಪು ನಂಬಿಕೆಯಿಂದ. ಇದನ್ನು ಎಲ್ಲ ಸದಸ್ಯರೂ ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ:

ಹಣ ಪಡೆಯಲು ಪಿನ್ ಬೇಡ. ಹಣ ಕೊಡಲು ಮಾತ್ರ ಪಿನ್ ಬೇಕು.

ಪಿನ್ ಎಂದರೆ ನಿಮ್ಮ ಸಹಿ. ಚೆಕ್ಕಿನ ಮೇಲೆ ಸಹಿ ಹಾಕುವವರು ಹಣ ಕೊಡುವವರೇ ಹೊರತು ಪಡೆಯುವವರಲ್ಲ. ನಿಮ್ಮ ಬಟವಾಡೆ ಬಂದಾಗ ಎಂದಾದರೂ ಪಿನ್ ಒತ್ತಿದ್ದೀರಾ? ಇಲ್ಲ. ಹಣ ತಾನಾಗಿಯೇ ಬಂದು ಖಾತೆಗೆ ಬಿತ್ತು. ಕಡಸಿನ ಮುಂಗಡವೂ ಹಾಗೆಯೇ ಬರಬೇಕು. ಪಿನ್ ಒತ್ತುವ ಮತ್ತೊಂದು ಸಂದರ್ಭವೆಂದರೆ ನಿಮ್ಮದೇ ಖಾತೆಯ ಬಾಕಿ ನೋಡುವಾಗ, ಅಷ್ಟೇ.

ಕ್ಯುಆರ್ ಚೌಕವೂ ಇದೇ ರೀತಿ. ಅದು ಹಣ ಪಡೆಯುವವರ ವಿಳಾಸ. ಅಂಗಡಿಯವರು ಚೌಕವನ್ನು ಗೋಡೆಗೆ ಅಂಟಿಸಿರುತ್ತಾರೆ, ಕೊಳ್ಳುವವರು ಸ್ಕ್ಯಾನ್ ಮಾಡಿ ಹಣ ಕೊಡುತ್ತಾರೆ. ಹಸು ಮಾರುವವರು ನೀವಾದರೆ ಚೌಕ ತೋರಿಸಬೇಕಾದವರು ನೀವು, ಸ್ಕ್ಯಾನ್ ಮಾಡಬೇಕಾದವನು ಕೊಳ್ಳುವವನು. ಕೊಳ್ಳುವವನೇ ಚೌಕ ಕಳಿಸಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಪಿನ್ ಒತ್ತುವ ಮೊದಲು ಫೋನಿನ ಪರದೆಯ ಮೇಲೆ ಹಣ ಯಾರ ಹೆಸರಿಗೆ ಹೋಗುತ್ತದೆ ಎಂಬುದೂ ಕಾಣುತ್ತದೆ. ಅದನ್ನು ಓದಿ ಮುಂದುವರಿಯಬೇಕು. ಮೊದಲು “ನನಗೆ ಇಷ್ಟು ಕೊಡಿ” ಎಂದು ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೋರಿಕೆ ಕಳಿಸಬಹುದಾಗಿತ್ತು. ಮೋಸ ಹೆಚ್ಚಾದದ್ದರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಈ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಚೌಕದ ಮೋಸ ಮಾತ್ರ ನಮ್ಮ ಎಚ್ಚರಿಕೆಯಿಂದಲೇ ನಿಲ್ಲಬೇಕು.

ದನದ ಜಾತ್ರೆಯಲ್ಲಿ, ಕೊಟ್ಟಿಗೆಯ ಮುಂದೆ ನಡೆಯುವ ಇನ್ನೊಂದು ಮೋಸವೂ ಇದೆ. ಕೊಳ್ಳುವವನು “ಹಣ ಹಾಕಿದೆ, ನೋಡಿ” ಎಂದು ತನ್ನ ಫೋನಿನಲ್ಲಿ ಹಸಿರು ಗುರುತು ತೋರಿಸಿ ಹಗ್ಗ ಬಿಚ್ಚಿಕೊಳ್ಳುತ್ತಾನೆ. ಅಂಥ ಚಿತ್ರವನ್ನು ಸುಳ್ಳಾಗಿ ತಯಾರಿಸುವುದು ಕಷ್ಟವಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅವನ ಫೋನ್ ನೋಡಬೇಡಿ, ನಿಮ್ಮ ಖಾತೆಯ ಬಾಕಿ ನೋಡಿ. ನೆಟ್‌ವರ್ಕ್ ಇಲ್ಲವೆಂದರೆ ಬರುವವರೆಗೆ ಹಗ್ಗ ನಿಮ್ಮ ಕೈಯಲ್ಲೇ ಇರಲಿ.

4. “ವಾಟ್ಸಾಪ್‌ನಲ್ಲಿ ಬಂದದ್ದು, ಸರ್ಕಾರದ ಚಿಹ್ನೆಯೂ ಇದೆ, ನಿಜವೇ ಇರಬೇಕು”

ಚಿಹ್ನೆ ಹಾಕಲು ಸರ್ಕಾರವೇ ಆಗಬೇಕಾಗಿಲ್ಲ. ಕಿಸಾನ್ ಸಮ್ಮಾನ್ ಹಣ, ಗಾಡಿಯ ದಂಡದ ಚೀಟಿ, ಬ್ಯಾಂಕ್ ಕೆವೈಸಿ, ಮದುವೆಯ ಕರೆಯೋಲೆ, ಹೀಗೆ ನಾನಾ ಹೆಸರಿನಲ್ಲಿ ಒಂದು ಫೈಲು ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ಕಾಗದವಲ್ಲ, ಚಿತ್ರವಲ್ಲ. ಫೋನಿನೊಳಗೆ ಹೋಗಿ ಕೂರುವ ಒಂದು ಆ್ಯಪ್. ಅದನ್ನು ಒತ್ತಿ, ಕೇಳಿದ್ದಕ್ಕೆಲ್ಲ ‘ಅನುಮತಿ’ ಕೊಟ್ಟರೆ ನಿಮಗೆ ಬರುವ ಎಸ್ಸೆಮ್ಮೆಸ್ ಎಲ್ಲವನ್ನೂ ಅದು ಓದಿ ಇನ್ನೊಬ್ಬರಿಗೆ ಕಳಿಸಬಲ್ಲದು.

ಇದರಿಂದ ಏನು ನಷ್ಟ? ಬ್ಯಾಂಕು ಕಳಿಸುವ ಓಟಿಪಿ ಎಸ್ಸೆಮ್ಮೆಸ್ಸಿನಲ್ಲೇ ಬರುತ್ತದೆ. ಓಟಿಪಿ ಎಂದರೆ ಒಂದು ಸಲಕ್ಕೆ ಮಾತ್ರ ನಡೆಯುವ ಗುಪ್ತ ಸಂಖ್ಯೆ. ಪಿನ್ ನಿಮ್ಮ ಕಾಯಂ ಸಹಿಯಾದರೆ, ಓಟಿಪಿ ಆ ಹೊತ್ತಿನ ಸಹಿ. “ಬರಿಯ ಆರು ಅಂಕಿ ತಾನೆ, ಹೇಳಿದರೇನು” ಎಂದುಕೊಂಡವರು ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟಂತೆ. ಬ್ಯಾಂಕಿನ ನೌಕರರಾಗಲಿ, ಸಂಘದ ಕಾರ್ಯದರ್ಶಿಯಾಗಲಿ, ಒಕ್ಕೂಟದ ಅಧಿಕಾರಿಯಾಗಲಿ ಫೋನ್ ಮಾಡಿ ಓಟಿಪಿ, ಪಿನ್ ಕೇಳುವ ಕಾರಣವೇ ಇಲ್ಲ. “ಪ್ರೋತ್ಸಾಹಧನ ನಿಂತುಹೋಗಿದೆ, ಓಟಿಪಿ ಹೇಳಿದರೆ ಬಿಡುಗಡೆ ಮಾಡುತ್ತೇವೆ” ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಸಂಘಕ್ಕೆ ಬಂದು ಎದುರಿಗೇ ಕೇಳಿ.

ಆ್ಯಪ್ ಬೇಕಾದರೆ ಫೋನಿನಲ್ಲೇ ಇರುವ ಪ್ಲೇಸ್ಟೋರಿನಿಂದ ಹಾಕಿಕೊಳ್ಳಿ. ಅಲ್ಲಿಯೂ ಯಾರು ಮಾಡಿದ್ದು ಎಂದು ನೋಡಿ ಹಾಕಿಕೊಳ್ಳಿ. ವಾಟ್ಸಾಪಿನಲ್ಲಿ ಬಂದದ್ದನ್ನು, ಅದು ಅಣ್ಣನ ಮಗನ ನಂಬರಿನಿಂದಲೇ ಬಂದಿದ್ದರೂ, ಒತ್ತಬೇಡಿ. ಅವನ ಫೋನ್ ಮೊದಲೇ ಕಳ್ಳರ ಕೈಗೆ ಸಿಕ್ಕಿರಬಹುದು.

5. “ಹೆಬ್ಬೆಟ್ಟನ್ನು ಯಾರು ಕದಿಯುತ್ತಾರೆ?”

ಫೋನೇ ಇಲ್ಲದ ಅನೇಕ ಹಿರಿಯ ಸದಸ್ಯರು ಊರಿನಲ್ಲಿಯೇ ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ಸಂಖ್ಯೆ ಹೇಳಿ, ಯಂತ್ರದ ಮೇಲೆ ಬೆರಳಿಟ್ಟು ಹಣ ತೆಗೆಯುತ್ತಾರೆ. ಬಸ್ಸಿನ ಖರ್ಚು ಉಳಿಸುವ ಒಳ್ಳೆಯ ಸೌಲಭ್ಯವಿದು. ಆದರೆ ಬೆರಳಿನ ಗುರುತನ್ನೂ ನಕಲು ಮಾಡಬಹುದು ಎಂಬುದು ಗೊತ್ತಿರಲಿ. ದಾಖಲೆ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತಿನಿಂದ ಅಚ್ಚು ತಯಾರಿಸಿ ಹಣ ತೆಗೆದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೂ ಬಂದಿದ್ದವು. ಈ ಪದ್ಧತಿಯಲ್ಲಿ ಪಿನ್ ಇಲ್ಲ, ಓಟಿಪಿ ಇಲ್ಲ. ಬೆರಳೇ ಸಹಿ.

ಇದಕ್ಕೆ ಪರಿಹಾರವಿದೆ. ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಅವಕಾಶವಿದೆ. ಇದಕ್ಕೆ ಆಧಾರ್‌ಗೆ ನಿಮ್ಮ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು. ಬೀಗ ಹಾಕಿದ ಮೇಲೆ ಪಡಿತರ ಅಂಗಡಿಯಲ್ಲಿ ಬೆರಳಿಡುವಂಥ ಕೆಲಸಗಳಿಗೂ ಬೀಗ ತೆರೆಯಬೇಕಾಗುತ್ತದೆ. ಆದ್ದರಿಂದ ಮನೆಯವರೊಡನೆ ಯೋಚಿಸಿ ಮಾಡಿ. ಆಧಾರ್ ಸಹಾಯವಾಣಿಯ ಸಂಖ್ಯೆ 1947. ಬೆರಳಿಟ್ಟು ಹಣ ತೆಗೆಯುವವರು ಪ್ರತಿ ಸಲವೂ ರಸೀದಿ ಕೇಳಿ ಪಡೆಯಬೇಕು. “ಯಂತ್ರ ಹಿಡಿಯಲಿಲ್ಲ, ಇನ್ನೊಮ್ಮೆ ಬೆರಳಿಡಿ” ಎಂದಾಗ ಮೊದಲ ಸಲದ ಹಣ ಕಡಿತವಾಗಿದೆಯೇ ಎಂದು ನೋಡಿಸಿಕೊಂಡು ಆಮೇಲೆ ಇಡಬೇಕು.

6. “ಫೋನ್ ಮಗ ನೋಡಿಕೊಳ್ಳುತ್ತಾನೆ, ನನಗೇಕೆ?”

ಆರು ಮಾತುಗಳಲ್ಲಿ ಹೆಚ್ಚು ನಷ್ಟ ಮಾಡುವ ಮಾತು ಇದೇ. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹೊತ್ತು ಬರುವವರು ತಾಯಿ. ಸದಸ್ಯತ್ವ ಅವರ ಹೆಸರಿನಲ್ಲಿ, ಖಾತೆಯೂ ಅವರ ಹೆಸರಿನಲ್ಲಿ. ಆದರೆ ಬ್ಯಾಂಕಿಗೆ ಕೊಟ್ಟ ನಂಬರ್ ಮಗನದು, ಇಲ್ಲವೇ ಗಂಡನದು. ಹಣ ಬಂದರೂ ಹೋದರೂ ಎಸ್ಸೆಮ್ಮೆಸ್ ಹೋಗುವುದು ಅವರಿಗೆ. ಹಾಲು ಹಾಕಿದವರಿಗೆ ಹಾಲಿನ ಹಣ ಕಾಣುವುದೇ ಇಲ್ಲ. ನಮ್ಮ ಕಥೆಯ ತಾಯಿಗೆ ಒಂಬತ್ತು ದಿನ ವಿಷಯ ತಿಳಿಯದೆ ಹೋದದ್ದು ಇದರಿಂದಲೇ.

ಮಕ್ಕಳನ್ನು ನಂಬಬಾರದು ಎಂದು ನಾವು ಹೇಳುತ್ತಿಲ್ಲ. ಆ ಹುಡುಗ ಕೆಟ್ಟವನಲ್ಲ, ಹೆದರಿದ ಅಷ್ಟೇ. ಫೋನ್ ಚೆನ್ನಾಗಿ ಬಳಸಲು ಬರುತ್ತದೆ ಎಂದ ಮಾತ್ರಕ್ಕೆ ಮೋಸ ಗುರುತಿಸಲು ಬರುತ್ತದೆ ಎಂದೇನಿಲ್ಲ. ಹಣ ಯಾರದೋ ಎಚ್ಚರವೂ ಅವರದೇ ಆಗಿರಬೇಕು. ದೊಡ್ಡ ಫೋನ್ ಬೇಕೆಂದೂ ಇಲ್ಲ. ಒಂದು ಸಾಮಾನ್ಯ ಕೀಪ್ಯಾಡ್ ಫೋನಿನಲ್ಲಿ ನಿಮ್ಮದೇ ಸಿಮ್ ಇಟ್ಟು, ಆ ನಂಬರನ್ನು ಬ್ಯಾಂಕಿಗೆ ಕೊಟ್ಟರೆ ಎಸ್ಸೆಮ್ಮೆಸ್ ನಿಮಗೇ ಬರುತ್ತದೆ. ಅನೇಕ ಬ್ಯಾಂಕುಗಳಲ್ಲಿ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಬಾಕಿ ಎಷ್ಟೆಂದು ತಿಳಿಸುವ ಸೇವೆ ಇದೆ. ಇಂಟರ್‌ನೆಟ್ ಇಲ್ಲದ ಫೋನುಗಳಿಗಾಗಿಯೇ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಎಂಬ ಸೇವೆಯನ್ನು ರಿಸರ್ವ್ ಬ್ಯಾಂಕ್ ಆರಂಭಿಸಿತು. ಓದು ಬರಹ ಬಾರದವರೂ ಅಂಕಿ ಗುರುತಿಸಬಲ್ಲರು. ದಿನವೂ ಹಾಲಿನ ಚೀಟಿಯಲ್ಲಿ ಲೀಟರ್, ಜಿಡ್ಡು ನೋಡುವ ಕಣ್ಣಿಗೆ ಬಾಕಿಯ ಅಂಕಿ ಹೊಸದೇನಲ್ಲ.

ಮನೆಯಲ್ಲಿ ಇನ್ನೊಂದು ಮಾತೂ ಆಗಬೇಕು. “ತಪ್ಪಾದರೆ ಬೈಯುವುದಿಲ್ಲ, ಆದರೆ ಆ ಕ್ಷಣವೇ ಹೇಳಬೇಕು” ಎಂದು ಮಕ್ಕಳಿಗೆ ಮೊದಲೇ ಹೇಳಿಡಿ. ಏಕೆಂದು ಮುಂದೆ ಓದಿ.

ಹಣ ಹೋದರೆ ಮೊದಲು ಏನು ಮಾಡಬೇಕು?

ಕದ್ದ ಹಣ ಕಳ್ಳನ ಖಾತೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ದಾಟುವ ಮೊದಲೇ ತಡೆದರೆ ಸಿಗುವ ಆಸೆ ಉಂಟು. ಆದ್ದರಿಂದ:

ಮೊದಲನೆಯದು, 1930 ನಂಬರಿಗೆ ಕರೆ ಮಾಡಿ. ಇದು ಹಣದ ಸೈಬರ್ ಮೋಸಕ್ಕಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಯಾವ ಬ್ಯಾಂಕು, ಎಷ್ಟು ಮೊತ್ತ, ಎಷ್ಟು ಹೊತ್ತಿಗೆ ಹೋಯಿತು ಎಂದು ಹೇಳಬೇಕು. ಯುಪಿಐ ಆದರೆ ವ್ಯವಹಾರದ 12 ಅಂಕಿಯ ಸಂಖ್ಯೆಯನ್ನೂ ಹೇಳಬೇಕು. ಅದು ಆ್ಯಪಿನ ವ್ಯವಹಾರದ ವಿವರದಲ್ಲಿ ಸಿಗುತ್ತದೆ.

ಎರಡನೆಯದು, ನಿಮ್ಮ ಬ್ಯಾಂಕಿಗೆ ತಿಳಿಸಿ ಖಾತೆಯಿಂದ ಮತ್ತೆ ಹಣ ಹೋಗದಂತೆ ನಿಲ್ಲಿಸಿ. ದೂರಿನ ನಂಬರ್ ಬರೆದುಕೊಳ್ಳಿ.

ಮೂರನೆಯದು, ಫೋನಿನಲ್ಲಿರುವ ಸಂದೇಶ, ಕರೆಯ ನಂಬರ್ ಯಾವುದನ್ನೂ ಅಳಿಸಬೇಡಿ. ಹತ್ತಿರದ ಪೊಲೀಸ್ ಠಾಣೆಗೆ ಅದನ್ನು ತೋರಿಸಿ ಲಿಖಿತ ದೂರು ಕೊಡಿ.

ಬೇಗ ತಿಳಿಸಿದರೆ ಇರುವ ಪ್ರಯೋಜನ ಇನ್ನೊಂದು. 2017ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಗಳು ಈ ನಷ್ಟ ಯಾರ ಪಾಲಿಗೆ ಎಂಬುದನ್ನು ಹೇಳಿದವು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಸುತ್ತೋಲೆ ಬಂತು. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ಹಣ ಹೋದಾಗ ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂದು ಅವುಗಳಲ್ಲಿತ್ತು. ಗ್ರಾಹಕರೇ ಪಿನ್, ಓಟಿಪಿ ಹೇಳಿಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ, ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು ಎಂದೂ ಅವುಗಳಲ್ಲಿತ್ತು. ಅಂದರೆ ತಪ್ಪು ನಮ್ಮದೇ ಆಗಿದ್ದರೂ ತಡಮಾಡದೆ ಹೇಳುವುದರಲ್ಲೇ ಲಾಭ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಆ ತಾಯಿಗೆ ಮೊದಲ ಹತ್ತು ನಿಮಿಷದಲ್ಲೇ ತಿಳಿದಿದ್ದರೆ ಎರಡನೆಯ ಸಲ ಪಿನ್ ಒತ್ತುವುದಾದರೂ ತಪ್ಪುತ್ತಿತ್ತೇನೋ. ಒಂಬತ್ತು ದಿನದ ಮೇಲೆ ದೂರು ಕೊಟ್ಟರು. ಅಷ್ಟರಲ್ಲಿ ಹಣ ಎಲ್ಲಿಂದೆಲ್ಲಿಗೋ ಹೋಗಿತ್ತು. ಮುಂದಿನ ಬಟವಾಡೆ ಬರುವವರೆಗೆ ಹಿಂಡಿಯನ್ನು ಕಡ ತಂದು ಹಸುಗಳನ್ನು ಸಾಕಿದರು.

ಸಂಘದಲ್ಲಿ ಏನು ಮಾಡಬಹುದು?

ಕಾರ್ಯದರ್ಶಿಗಳು ಹಾಗೂ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. 1930 ಎಂಬ ಸಂಖ್ಯೆಯನ್ನು, “ಹಣ ಪಡೆಯಲು ಪಿನ್ ಬೇಡ” ಎಂಬ ವಾಕ್ಯವನ್ನು ಹಾಲು ಅಳೆಯುವ ಜಾಗದ ಎದುರು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಪ್ರತಿ ಬಟವಾಡೆಯ ದಿನ ಹಣ ಖಾತೆಗೆ ಹೋದ ವಿಷಯವನ್ನು ಸೂಚನಾ ಫಲಕದಲ್ಲಿ ಹಾಕಿ. ಆಗ ಫೋನಿಲ್ಲದವರಿಗೂ ತಿಳಿಯುತ್ತದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಅರ್ಧ ಗಂಟೆ ಈ ವಿಷಯಕ್ಕೆ ಇಟ್ಟು, ಬ್ಯಾಂಕಿನವರನ್ನು ಕರೆಸಿ ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಡಿಸಿ.

ಸದಸ್ಯರು ಈ ಬಟವಾಡೆಗೆ ಮೊದಲು ಮೂರು ವಿಷಯ ನೋಡಿಕೊಂಡರೆ ಸಾಕು. ನನ್ನ ಖಾತೆಗೆ ಯಾರ ಫೋನ್ ನಂಬರ್ ಇದೆ? ನನ್ನ ಪಿನ್ ಯಾರ್ಯಾರಿಗೆ ಗೊತ್ತಿದೆ? ನನ್ನ ಬಾಕಿಯನ್ನು ನಾನೇ ನೋಡಬಲ್ಲೆನೇ? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ನಾಳೆ ಬೆಳಿಗ್ಗೆ ಹಾಲು ಹಾಕಿದ ಮೇಲೆ ಪಾಸ್‌ಬುಕ್ಕು, ಆಧಾರ್ ಹಿಡಿದು ಬ್ಯಾಂಕಿಗೆ ಒಮ್ಮೆ ಹೋಗಿ ಬನ್ನಿ.